ಆರ್ಫಾಳ ಮನೆಯ ಟೆಲಿಫೋನು

ಪೆರಿನ್ ಕ್ರಾಸಿಂಗ್, ಅಯೋವಾ
ಗುರುವಾರ, ೧೯ ಅಕ್ಟೋಬರ್ ೧೯೧೧

ಮುದ್ದಿನ ಮಗಳು ಮಿಲ್ಡ್ರೆಡ್‌ಗೆ,

ಹೇಗಿದ್ದೀಯಮ್ಮಾ? ತುಂಬಿದ ಬಸುರಿ, ಬೆಚ್ಚಗಿರು. ವಕೀಲರಾಯ, ನಿನ್ನ ಗಂಡ, ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆಯೇ? ನಿನ್ನಮ್ಮನ ಮಂಡಿನೋವು ಇಳಿದಿದೆ, ಎದೆಯ ಡವಡವ ಇಳಿದಿಲ್ಲ. ಟೆಲಿಫೋನು ಮಾಡದೆ ಮುದುಕ ಕಾಗದವೇಕೆ ಗೀಚಿದ ಎನ್ನಬೇಡ. ಈ ರಸ್ತೆಯ ಮನೆಗಳಿಗೆಲ್ಲ ಒಂದೇ ತಂತಿ; ನಮ್ಮ ಗಂಟೆ ಬಾರಿಸಿದರೂ ಊರೇ ರಿಸೀವರು ಎತ್ತಿ ಕಿವಿಗಿಟ್ಟುಕೊಳ್ಳುತ್ತದೆ. "ಬೆರ್ತಾ, ಇಡೇ ಕೆಳಗೆ! ನಿನ್ನ ಕೂಸು ಅಳೋದು ಇಲ್ಲೀವರೆಗೂ ಕೇಳ್ತಿದೆ" ಎಂದು ನಿನ್ನಮ್ಮ ಗದರಿದರೆ, "ಬೇಗ ಸುದ್ದಿ ಮುಗ್ಸಿ ಹೆಸ್ಟರಕ್ಕಾ, ನನ್ನ ಆಲೂಗಡ್ಡೆ ಸೀಯ್ತಿದೆ" ಎನ್ನುತ್ತಾಳೆ ಪಕ್ಕದ ಹೊಲದ ಆ ಪುಣ್ಯಾತ್ಗಿತ್ತಿ!

ಕೇಳು ಮಗಳೇ, ಕೇಳು! ವಿಧವೆ ಆರ್ಫಾ ಬೇಸಿಗೆಯಲ್ಲಿ ತನ್ನ ಅಡುಗೆಮನೆಯಲ್ಲೇ ಕೊಲೆಯಾದದ್ದು, ಅವಳ ಹೊಲದಲ್ಲಿ ದುಡಿಯುತ್ತಿದ್ದ ನಿನ್ನ ತಮ್ಮ ವೆಂಡೆಲ್ ಅಂದೇ ಕಾಣೆಯಾದದ್ದು, ಅವನೇ ಕೊಂದನೆಂದು ಊರು ತೀರ್ಪು ಕೊಟ್ಟದ್ದು ನಿನಗೆ ಗೊತ್ತು. ಈಗ ಬೀಗ ಬಿದ್ದ ಆ ಮನೆಯಿಂದ ಹಾಡಹಗಲಲ್ಲೇ ನಮಗೆ ಗಂಟೆ ಬರುತ್ತಿದೆ! ಎತ್ತಿದರೆ ಮಾತಿಲ್ಲ, ಎಣ್ಣೆ ಕಾಣದ ಅವಳ ಗಾಳಿಯಂತ್ರದ ಕಿರ್ರೋ ಕಿರ್ರೋ. "ಆರ್ಫಾ ನ್ಯಾಯ ಕೇಳ್ತಿದಾಳೆ" ಎಂದು ಬೆರ್ತಾ ತಂತಿಯಲ್ಲೇ ಅತ್ತಳು. ಇಗರ್ಜಿಯ ಹಿರಿಯ ಥ್ಯಾಡಿಯಸ್ ಕ್ರೋವೆಲ್, ನಮ್ಮ ಹೊಸ್ತಿಲು ಯಾರೂ ತುಳಿಯದಾಗ ಬಂದು ನಿನ್ನಮ್ಮನ ಜೊತೆ ಪ್ರಾರ್ಥಿಸಿದವನು, "ಶನಿವಾರ ಬಂದೂಕು ತನ್ನಿ, ಬಾಗಿಲು ಒಡೆದೇಬಿಡೋಣ" ಎಂದು ಊರವರನ್ನು ಸೇರಿಸಿ ಸಾರಿದ. "ದೆವ್ವಕ್ಕೆ ಗುಂಡು ತಾಗುತ್ತೇನ್ರಯ್ಯಾ?" ಎಂದೆ. "ತಾಗದಿದ್ರೆ ದೆವ್ವ, ತಾಗಿದ್ರೆ ನಿನ್ನ ಮಗ" ಎಂದು ಹಿಂದಿನಿಂದ ಯಾರೋ ನಕ್ಕರು.

ನಿನ್ನೆ ನಾನೇ ಎತ್ತಿದೆ. ಗಾಳಿಯಂತ್ರದ ಸದ್ದಿನ ನಡುವೆ ಒಂದು ಕೆಮ್ಮು! ಬಾತಿನ ಕೊಬ್ಬು ಎದೆಗೆ ತಿಕ್ಕಿ ವೆಂಡೆಲ್‌ನನ್ನು ನಾನು ಮಲಗಿಸುತ್ತಿದ್ದಾಗಿನ ಅದೇ ಕೆಮ್ಮು. ಇನ್ನೊಮ್ಮೆ ಕೆಮ್ಮಿದರೆ ಊರಿಗೂ ಗುರುತು ಸಿಗುತ್ತದೆ. ನನ್ನದು ನಾಟಕಮಂದಿರದಲ್ಲಿ ಖಳನಾಗಿ, ರಾಜನಾಗಿ ಪಳಗಿದ ಗಂಟಲಲ್ಲವೇ? "ನನ್ನ ರಕ್ತ ಯಾರ ಕೈಮೇಲಿದೆ?" ಎಂದು ಆರ್ಫಾಳಂತೆ ಹೆಣ್ಣುದನಿಯಲ್ಲಿ ಗೋಡೆ ನಡುಗುವಂತೆ ಒದರಿದೆ. ಪಟಪಟನೆ ರಿಸೀವರುಗಳು ಬಿದ್ದವು. ಬೆರ್ತಾಳ ಕೂಸೂ ಬಾಯಿ ಮುಚ್ಚಿತು. ಆಗ ಆ ತುದಿಯಿಂದ, "ಅಪ್ಪಾ, ನಾನು ಕೊಂದಿಲ್ಲ. ಕೊಂದೋನನ್ನ ನೋಡಿ ಹೆದರಿ ಓಡ್ದೆ. ಎಲ್ಲೂ ಜಾಗ ಸಿಗದೆ ವಾಪಸ್ ಬಂದೆ. ಅಮ್ಮನ ದನಿ ಕೇಳ್ಬೇಕು ಅನ್ನಿಸ್ತಿತ್ತು..." ಕೊಂದವನ ಹೆಸರನ್ನೂ ಹೇಳಿದ. ನಿನ್ನಮ್ಮ ಹೆಗಲ ಮೇಲಿಂದ ಓದುತ್ತಿದ್ದಾಳೆ; ಅದನ್ನಿಲ್ಲಿ ಬರೆಯಲಾರೆ.

ಶನಿವಾರದೊಳಗೆ ನಿನ್ನ ಗಂಡನನ್ನು ಕಳಿಸು. ವೆಂಡೆಲ್ ಅವನ ಕೈಗೆ ಮಾತ್ರ ಶರಣಾಗುತ್ತಾನಂತೆ. ನಿನ್ನನ್ನೂ ಹೊಟ್ಟೆಯ ಕೂಸನ್ನೂ ದೇವರು ಕಾಯಲಿ.

ನಿನ್ನ ಅಪ್ಪ,
ಆಂಬ್ರೋಸ್ ಟಟಲ್

ಮರೆತ ಮಾತು: ನಿನ್ನಮ್ಮ ರೊಟ್ಟಿ ಕಟ್ಟಲು ಒಳಗೆ ಹೋದಳು. ಈಗಷ್ಟೇ ಕ್ರೋವೆಲ್ ಟೆಲಿಫೋನು ಮಾಡಿದ: "ನಿನ್ನೆ ಎಲ್ರೂ ಇಟ್ಬಿಟ್ರು ಆಂಬ್ರೋಸ್. ನಾನು ಮಾತ್ರ ಪ್ರಾರ್ಥನೆ ಮಾಡ್ತಾ ಕಡೇತನಕ ಕೇಳಿಸ್ಕೊಂಡೆ. ಪಾಪ, ಆರ್ಫಾಳನ್ನ ಶನಿವಾರದವರೆಗೂ ಯಾಕೆ ಕಾಯಿಸೋದು? ಇವತ್ತೇ ಹೋಗ್ತೀನಿ, ಒಬ್ನೇ." ವೆಂಡೆಲ್ ಹೇಳಿದ ಹೆಸರು ಅವನದೇ! ಗಾಡಿ ಹೂಡಿದ್ದೇನೆ, ಆ ಮನೆಗೆ ಅವನಿಗಿಂತ ನಾನೇ ಹತ್ತಿರ. ಲಕೋಟೆ ಅಂಟಿಸಿ ನಿನ್ನಮ್ಮನ ಕೈಲಿ ರೈಲಿಗೆ ಹಾಕಿಸುತ್ತೇನೆ. ನಾಳೆ ನಾನೂ ವೆಂಡೆಲ್ಲೂ ನಿನ್ನೂರಿನಲ್ಲಿ ಇಳಿಯದಿದ್ದರೆ ಆ ಹೆಸರು ಗೊತ್ತಿರುವವಳು ನೀನೊಬ್ಬಳೇ. ಪಿಸುಗುಡಬೇಡ ಮಗಳೇ, ಕೋರ್ಟಿನ ಕಡೆಯ ಬೆಂಚಿಗೂ ಕೇಳುವಂತೆ ಕೂಗು!