ನಾಗಣಸೂರದಿಂದ ಬಂದ ಆರ್ಡರ್

ನವಿ ಪೇಠ, ಸೋಲಾಪುರ

ನನ್ನ ಮುದ್ದಿನ ಅವ್ವನಿಗೆ,

ಇಲ್ಲಿ ಎಲ್ಲರೂ ನಿನ್ನ ಮಗಳನ್ನು ಜಾಣೆ ಎನ್ನುತ್ತಿದ್ದಾರೆ! ನಮ್ಮ ಆನ್‌ಲೈನ್ ಚಾದರ ಅಂಗಡಿಗೆ ಮೊನ್ನೆ ಬಹಳ ದೊಡ್ಡ ಆರ್ಡರ್ ಬಂತು. ಮಾಲು ಹೋಗಬೇಕಾದದ್ದು ಬೆಂಗಳೂರಿಗೆ, ಆದರೆ ಹಣ ಕೊಟ್ಟ ಕಾರ್ಡಿನ ವಿಳಾಸ ನಮ್ಮೂರು ನಾಗಣಸೂರ! ಖುಷಿ ತಡೆಯಲಾರದೆ ಆರ್ಡರ್ ಕೊಟ್ಟವರಿಗೆ ಫೋನ್ ಮಾಡಿದೆ.

"ಅಣ್ಣಾರ, ನಾಗಣಸೂರದಾಗ ನೀವು ಯಾರ ಪೈಕಿ ರೀ?"

"ಪೈಸೆ ಆಗಲೇ ಕಟ್ಟಿದೀನಲ್ಲ ಮೇಡಂ! ಬೇಗ ಕಳಿಸಿ."

ಪೈಕಿ ಅಂದದ್ದನ್ನು ಅವನು ಪೈಸೆ ಅಂದುಕೊಂಡ! ಯಾರ ಪೈಕಿ, ಯಾರ ಮನೆತನದವರು ಎಂದು ಕೇಳಿದರೆ ನಮ್ಮೂರಲ್ಲಿ ಚಿಕ್ಕ ಮಗುವೂ ಅಜ್ಜನ ಹೆಸರು ಹೇಳುತ್ತದೆ. ಕೂಡಲೇ ಪಾರ್ಸೆಲ್ ತಡೆದೆವು. ಅದು ಕದ್ದ ಕಾರ್ಡು ಎಂದು ಬ್ಯಾಂಕಿನವರು ಹೇಳಿದರು. ಕಳಿಸಿದ್ದರೆ ಚಾದರವೂ ಹೋಗಿ, ಹಣವೂ ಕಾರ್ಡಿನ ಮಾಲೀಕರಿಗೆ ವಾಪಸಾಗಿ, ಅಂಗಡಿಯೇ ಮುಚ್ಚುತ್ತಿತ್ತು.

"ನಮ್ಮಾಕಿ ಪೊಲೀಸ ಆಗಬೇಕಿತ್ತ ನೋಡ್ರಿ" ಎಂದು ನಿನ್ನ ಅಳಿಯ ಓಣಿಗೆಲ್ಲ ಹೇಳಿ ಬಂದರು. ಇನ್ನು ಎರಡು ವಿಳಾಸ ತಾಳೆಯಾಗದ ಆರ್ಡರ್ ಬಂದರೆ ಮೊದಲು ಫೋನ್ ಮಾಡುವ ಕೆಲಸ ನನ್ನದೇ.

ಅವ್ವ, ನಿನಗೊಬ್ಬಳಿಗೇ ಹೇಳುತ್ತೇನೆ. ನಾನು ಅವನನ್ನು ಪರೀಕ್ಷಿಸಲು ಕೇಳಿರಲಿಲ್ಲ. ಕಟ್ಟೆಯ ಮೇಲೆ ಕೂತು ಬಸ್ಸಿಳಿದವರನ್ನೆಲ್ಲ ನೀನು ಕೇಳುತ್ತಿದ್ದೆಯಲ್ಲ, ಹಾಗೇ ಕೇಳಿದೆ. ಊರಿನವರೊಬ್ಬರು ಸಿಕ್ಕರು, ಸ್ವಲ್ಪ ಹೊತ್ತು ಮಾತಾಡೋಣ ಎಂದುಕೊಂಡಿದ್ದೆ.

ಬರುವ ಸೋಮವಾರ ಬಾ. ಅಕ್ಕಲಕೋಟದ ಬಸ್ಸಿಗೆ ನಾನೇ ಬಂದು ನಿಲ್ಲುತ್ತೇನೆ.

ನಿನ್ನ
ಪ್ರಾಜಕ್ತಾ