ಮೂರು ದಿನ ಚೆಲ್ಲಿದ ಹಾಲು

ಸುಗಟೂರು
೧೨-೬-೧೯೪೩

ಪ್ರೀತಿಯ ಯಜಮಾನರಿಗೆ ಶ್ಯಾಮಲಮ್ಮನ ನಮಸ್ಕಾರಗಳು.

ಪಲ್ಟನ್ನಿನಲ್ಲಿ ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಾರೆಯೇ? ಕಾಲಿನ ಬೊಬ್ಬೆ ಮಾಯಿತೇ? ನಾವೆಲ್ಲ ಕ್ಷೇಮ ಎಂದು ಬರೆಯಬೇಕು, ಬರೆಯಲು ಕೈ ಏಳುತ್ತಿಲ್ಲ. ಮಗಳು ಹುಟ್ಟಿ ಇವತ್ತಿಗೆ ಹದಿನೆಂಟು ದಿನ. ಮೂಗು ನಿಮ್ಮದೇ, ಸಿಟ್ಟೂ ನಿಮ್ಮದೇ. ಆದರೆ ಐದು ದಿನದಿಂದ ಭೇದಿ ನಿಂತಿಲ್ಲ, ಅಳುವುದಕ್ಕೂ ತ್ರಾಣವಿಲ್ಲ.

ಹೆತ್ತ ದಿನವೇ ಅತ್ತೆ, "ಮೊದಲ್ನೇ ಹಾಲು ಮಗೀಗೆ ಒಗ್ಗಲ್ಲ ಕಣೇ" ಎಂದು ಮೂರು ದಿನ ಹಿಂಡಿಸಿ ಗೋಡೆಗೆ ಚೆಲ್ಲಿಸಿದರು. ಮಗುವಿಗೆ ಬಟ್ಟೆಯಲ್ಲಿ ಅದ್ದಿದ ಸಕ್ಕರೆ ನೀರು. ಅದೇ ವಾರ ನಮ್ಮ ಕೆಂಪಿ ಕರು ಹಾಕಿತು. ಕರು ಹೊಟ್ಟೆ ತುಂಬ ಗಿಣ್ಣುಹಾಲು ಕುಡಿಯುವವರೆಗೆ ಯಾರೂ ಚೊಂಬು ಹಿಡಿದು ಬರಬಾರದೆಂದು ಅದೇ ಅತ್ತೆ ಕೊಟ್ಟಿಗೆಯ ಬಾಗಿಲಲ್ಲಿ ಕಾವಲು ಕುಳಿತಿದ್ದರು. ಕರು ಈಗ ಅಂಗಳವೆಲ್ಲ ನೆಗೆಯುತ್ತದೆ, ನೋಡಿದರೆ ನನಗೆ ಹೊಟ್ಟೆಕಿಚ್ಚು. ಅತ್ತೆಯನ್ನು ಬಯ್ಯಬೇಡಿ. ಅವರ ಅತ್ತೆ ಹೇಳಿಕೊಟ್ಟದ್ದನ್ನೇ ಮಾಡಿದರು. ಈಗ ಅವರೂ ಊಟ ಬಿಟ್ಟು ಕುಳಿತಿದ್ದಾರೆ.

ಆಮೇಲೆ ನನಗೆ ಜ್ವರ ಬಂದು ಹಾಲೇ ಬತ್ತಿತು. ಕೆಂಪಿಯ ಹಾಲಿಗೆ ನೀರು ಬೆರೆಸಿ ಕುಡಿಸಿದೆವು, ಭೇದಿ ಹಿಡಿಯಿತು. ಗಾಡಿ ಕಟ್ಟಿಸಿ ಕೋಲಾರದ ಆಸ್ಪತ್ರೆಗೆ ಹೋದರೆ ಅಲ್ಲಿನ ನರ್ಸಮ್ಮ ಬಯ್ಯಲಿಲ್ಲ, ಅದೇ ಹೆಚ್ಚು ನೋವಾಯಿತು. ನೀರಿನಿಂದ, ಪಾತ್ರೆಯಿಂದ ಹೊಟ್ಟೆಗಿಳಿಯುವ ಕ್ರಿಮಿಗಳನ್ನು ತಡೆಯುವ ಸತ್ವ ತಾಯಿಹಾಲಿನಲ್ಲಿದೆಯಂತೆ, ಮೊದಲ ಹಾಲಿನಲ್ಲಿ ಇನ್ನೂ ಹೆಚ್ಚಂತೆ. "ಕಾಯಿಸಿದ ಹಾಲಲ್ಲಿ ಅದು ಸಿಗಲ್ಲಮ್ಮ. ಊರಲ್ಲಿ ಬಾಣಂತಿ ಯಾರಾದ್ರೂ ಇದ್ರೆ ಅವರ ಹಾಲು ಕುಡಿಸಿ, ತಡ ಮಾಡ್ಬೇಡಿ" ಎಂದರು. ಊರಿನಲ್ಲಿರುವ ಬಾಣಂತಿ ಒಬ್ಬರೇ, ನಿಮ್ಮ ದೊಡ್ಡಪ್ಪನ ಸೊಸೆ ಮುನಿಶಾಮಮ್ಮ. ಅವರ ಮನೆಯೊಂದಿಗೆ ಬಾವಿ ನೀರಿನ ಸರದಿಗೆ ಜಗಳವಾದಾಗ, "ಆ ಮನೇದು ತೊಟ್ಟು ನೀರೂ ನಮ್ಮ ಬಾಯಿಗೆ ಬೀಳ್ಬಾರ್ದು" ಎಂದು ದೇವರ ದೀಪ ಮುಟ್ಟಿ ಆಣೆ ಇಟ್ಟವರು ನೀವು. ಅದನ್ನು ಮುರಿದರೆ ಯುದ್ಧಕ್ಕೆ ಹೋದ ಮಗನಿಗೆ ಏನಾದರೂ ಆದೀತೆಂದು ಅತ್ತೆಗೆ ಭಯ. ನನಗೂ ಭಯವೇ. ಈ ಕಾಗದ ನಿಮಗೆ ಸೇರಲು ಒಂದು ತಿಂಗಳು, ಉತ್ತರ ಬರಲು ಇನ್ನೊಂದು. ಅಲ್ಲಿ ನೀವು, ಇಲ್ಲಿ ಇವಳು. ನಾನು ಯಾರನ್ನು ಬಿಡಲಿ?

ಅತ್ತೆ ಆಶೀರ್ವಾದ ಹೇಳಿದ್ದಾರೆ. ಮೈಮೇಲೆ ಎಚ್ಚರವಿರಲಿ.

ನಿಮ್ಮವಳೇ ಆದ
ಶ್ಯಾಮಲಮ್ಮ

ಮತ್ತೆ: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ನಿಮ್ಮಿಂದ ಮುಚ್ಚಿಡಲಾರೆ. ರಾತ್ರಿ ಇದನ್ನು ಬರೆದಿಟ್ಟು, ಬೆಳಿಗ್ಗೆ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಆ ಮನೆಗೆ ಹೋದೆ. ಮುನಿಶಾಮಮ್ಮಕ್ಕ ಏನೂ ಕೇಳದೆ ತನ್ನ ಕೂಸನ್ನು ಕೆಳಗಿಟ್ಟು ಇವಳನ್ನೆತ್ತಿಕೊಂಡರು. ನಾಲ್ಕು ಗುಟುಕು ಕುಡಿದಳು. ಉಳಿಯುತ್ತಾಳೋ ಇಲ್ಲವೋ ತಿಳಿಯದು. ಆಣೆ ಮುರಿದವಳು ನಾನು, ತಟ್ಟುವುದಿದ್ದರೆ ನನಗೇ ತಟ್ಟಲಿ ಎಂದು ದೀಪದ ಮುಂದೆ ಹೇಳಿ ಬಂದಿದ್ದೇನೆ. ಬದುಕಿದ್ದೇನೆ ಎಂದು ಒಂದೇ ಒಂದು ಸಾಲು ಬರೆಯಿರಿ.