ಕೀಬೋರ್ಡ್ ಇಲ್ಲದ ತಂಡಗಳು

ಶನಿವಾರ, ಜೂನ್ ೧೪
ಮುದ್ರಣಾಲಯದ ಮೇಜಿನಿಂದ, ಊಟದ ಬಿಡುವಿನಲ್ಲಿ

ಪ್ರೀತಿಯ ದೊಡ್ಡಗಂಟಲೇ,

ಮೊದಲು ಬೈದುಬಿಡು, ಆಮೇಲೆ ಓದು. ನಿನ್ನ ಕಾಗದ ಬಂದು ಮೂರು ತಿಂಗಳಾಯಿತು, ಉತ್ತರ ಬರೆಯದ ನನಗೆ ಬುದ್ಧಿಯಿಲ್ಲ, ಒಪ್ಪಿದೆ. ಬೆನ್ನುನೋವು ಹೇಗಿದೆ? ನೀನು ಓಡಿಸುವ ಶಾಲಾ ವ್ಯಾನಿಗೆ ಹೊಸ ಸೀಟು ಹಾಕಿಸಿಕೊಟ್ಟರೇ? ಆ ಮಕ್ಕಳ ಗಲಾಟೆಯಲ್ಲಿ ನಿನಗೆ ಕಿವಿ ಉಳಿದಿದ್ದರೆ ಸಾಕು, ಯಾಕೆಂದರೆ ಇವತ್ತು ನಾನು ಹೇಳುವುದನ್ನು ನೀನು ಸರಿಯಾಗಿ ಕೇಳಿಸಿಕೊಳ್ಳಬೇಕು. ಖುಷಿಯಲ್ಲಿ ಗೀಚುತ್ತಿದ್ದೇನೆ ಕಣೇ, ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೋ.

ನಮ್ಮ ಹದಿನಾರು ಪುಟದ ಪತ್ರಿಕೆ ಇನ್ನೂ ಉಸಿರಾಡುತ್ತಿದೆ. ಕೆಲಸದ ಹೊತ್ತಿನಲ್ಲಿ ಔಷಧಿ ಡಬ್ಬಿಗಳ ಚೀಟಿಯ ತಪ್ಪು ತಿದ್ದುತ್ತೇನೆ. ಬಿಡುವಾದರೆ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು, ನೆಲಮಾಳಿಗೆಗಳಲ್ಲಿ, ಗೋದಾಮುಗಳಲ್ಲಿ ಹಾಡುವ ಅಂಡರ್‌ಗ್ರೌಂಡ್ ತಂಡಗಳ ಹಿಂದೆ ಅಲೆಯುತ್ತೇನೆ. ಈ ಸಲ ವಿಶೇಷ ಸಂಚಿಕೆ. ಹೇಗೆ ಶುರುಮಾಡಿದಿರಿ, ಎಲ್ಲಿ ಬದಲಾದಿರಿ ಎಂದು ಎಲ್ಲರನ್ನೂ ಕೂರಿಸಿ ಮಾತಾಡಿಸುತ್ತಿದ್ದೇನೆ. ಜೊತೆಗೆ, ಬಹಳ ದಿನದಿಂದ ತಲೆ ತಿನ್ನುತ್ತಿದ್ದ ಒಂದು ಪ್ರಶ್ನೆಯನ್ನೂ ಕೇಳಿದೆ: ಈ ಊರಿನ ಯಾವ ತಂಡದಲ್ಲೂ ಕೀಬೋರ್ಡ್ ಯಾಕಿಲ್ಲ?

ಒಬ್ಬೊಬ್ಬರದು ಒಂದೊಂದು ವೇದಾಂತ. ಪಂಕ್ಚರ್ ಅಂಗಡಿಯ ಗಿಟಾರಿನವನು ಟ್ಯೂಬನ್ನು ನೀರಿನಲ್ಲಿ ಅದ್ದುತ್ತಲೇ ಮಾತಾಡಿದ. "ಮೊದಮೊದ್ಲು ನನ್ನ ಆರು ಹಾಡೂ ಒಂದೇ ಥರ ಇತ್ತು ಮೇಡಂ. ಈಗ ಏರ್ ಪಂಪಿನ ಸದ್ದನ್ನೂ ಹಾಡಿಗೆ ಸೇರಿಸಿದೀನಿ. ಆದ್ರೆ ಕೀಬೋರ್ಡ್ ಬೇಡ, ಅದು ಶ್ರೀಮಂತರ ಆಟ" ಎಂದ. ಹಲ್ಲಿನ ಡಾಕ್ಟರ ಬಳಿ ಸಹಾಯಕಿಯಾಗಿರುವ ಬೇಸ್ ಗಿಟಾರಿನವಳದು ಬೇರೆ ರಾಗ. "ಹತ್ತು ವರ್ಷ ಜೋರಾಗಿ ಬಾರಿಸ್ದೆ. ಈಗ ಕಡಿಮೆ ಬಾರ್ಸೋದು ಕಲ್ತಿದೀನಿ. ಶ್ರುತಿ ಮಾತ್ರ ಮೊದಲ ದಿನದ್ದೇ. ಕೀಬೋರ್ಡ್‌ನವರು ಬಂದ್ರೆ ಅವರೇ ಅಪಸ್ವರ ಅನ್ಸುತ್ತೆ" ಎಂದಳು.

ಇವರಿಬ್ಬರಿಗೂ ಪರಿಚಯವೇ ಇಲ್ಲ. ಆದರೂ ಇಬ್ಬರ ತಂತಿಯೂ ಒಂದೇ ಜಾಗಕ್ಕೆ ಇಳಿದಿತ್ತು: ಎಲ್ಲರ ಶ್ರುತಿಗಿಂತ ಅರ್ಧ ಸ್ವರ ಕೆಳಗೆ, ಅದಕ್ಕೂ ಕೂದಲೆಳೆಯಷ್ಟು ಮೇಲೆ. ಮೂರನೆಯವನದೂ ಅಲ್ಲೇ, ನಾಲ್ಕನೆಯವಳದೂ ಅಲ್ಲೇ! ಕೀಬೋರ್ಡಿನ ಸ್ವರಗಳೋ ಅಚ್ಚು ಹೊಯ್ದಂತೆ ಗಟ್ಟಿ, ಈ ಸಂದಿಗೆ ಇಳಿಯುವುದೇ ಇಲ್ಲ.

"ಮೊದಲ ದಿನ ಯಾವುದನ್ನ ಕೇಳ್ಕೊಂಡು ಶ್ರುತಿ ಮಾಡಿದೆ?" ಎಂದು ಬೇಸಿನವಳನ್ನು ಹಿಡಿದು ಕೂರಿಸಿದೆ. ಅವಳು ಕ್ಲಿನಿಕ್ಕಿನ ಡ್ರಾಯರು ಎಳೆದು, ಹತ್ತಿ ಉಂಡೆಗಳ ಪಕ್ಕದಿಂದ ಒಂದು ಕ್ಯಾಸೆಟ್ ತೆಗೆದಳು. ಮೇಲೆ ನನ್ನದೇ ಕೈಬರಹ. ನೀನು ಹಾಡಿದ ಟೇಪು ಕಣೇ! ಇಪ್ಪತ್ತೆರಡು ವರ್ಷದ ಹಿಂದೆ ನಮ್ಮ ಮನೆಯ ಜೋಡಿ ಡೆಕ್‌ನಲ್ಲಿ ನಲವತ್ತು ಪ್ರತಿ ತೆಗೆದು ಊರೆಲ್ಲ ಹಂಚಿದ್ದೆನಲ್ಲ, ಅದೇ. ಪಂಕ್ಚರಿನವನ ಬಳಿಯೂ ಒಂದಿದೆ, ಅಣ್ಣನಿಂದ ಕದ್ದದ್ದಂತೆ.

ಬೇಸಿನವಳ ಕ್ಯಾಸೆಟ್ಟನ್ನೂ ಪ್ಲೇಯರನ್ನೂ ಬಗಲಲ್ಲಿಟ್ಟುಕೊಂಡು ಮನೆಗೆ ಓಡಿದೆ. ನೀನು ಕೊಟ್ಟಿದ್ದ ಮೂಲ ಟೇಪು ಬೀರುವಿನಲ್ಲಿತ್ತು. ಎರಡನ್ನೂ ಹಾಕಿ ಗಡಿಯಾರ ಹಿಡಿದು ಕೂತೆ. ಮೊದಲ ಹಾಡು ಮೂಲದಲ್ಲಿ ಮೂರು ನಿಮಿಷ ನಲವತ್ತು ಸೆಕೆಂಡು. ಪ್ರತಿಯಲ್ಲಿ ಹನ್ನೆರಡು ಸೆಕೆಂಡು ಹೆಚ್ಚು! ನಮ್ಮ ಡೆಕ್‌ನ ಟೇಪು ನುಡಿಸುವ ಬದಿಯ ಬೆಲ್ಟು ಸಡಿಲವಾಗಿ, ಮೂಲವನ್ನು ನಿಧಾನಕ್ಕೆ ಓಡಿಸಿತ್ತು. ನೀನು ತೂಕಡಿಸುತ್ತಾ, ಅರ್ಧ ಸ್ವರ ಇಳಿದು ಎಲ್ಲರ ಮನೆಗೂ ಹೋಗಿದ್ದೀಯ. ಅವರೋ ಆ ಸಡಿಲ ಬೆಲ್ಟಿಗೇ ತಂತಿ ಕಟ್ಟಿಕೊಂಡು, ಅದನ್ನೇ ತಮ್ಮ ಶೈಲಿ ಎಂದು ಇಪ್ಪತ್ತು ವರ್ಷ ಬೀಗಿದ್ದಾರೆ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಆಮೇಲೆ ಮೂಲವನ್ನು ಇನ್ನೊಮ್ಮೆ ಹಾಕಿ ಅತ್ತುಬಿಟ್ಟೆ. ಎಷ್ಟು ಚುರುಕಾಗಿದ್ದೀಯೇ ಅದರಲ್ಲಿ! ನಾನು ಆ ದನಿಯನ್ನು ಟೇಪಿನಲ್ಲಿ ಕೇಳಿಯೇ ಇರಲಿಲ್ಲ, ಅಂದೂ ಆ ಹಾಳು ಡೆಕ್‌ನಲ್ಲೇ ಹಾಕಿ ಕೇಳಿದ್ದು.

"ಅವರು ಯಾಕೆ ಹಾಡೋದು ಬಿಟ್ರು?" ಎಂದು ಎಲ್ಲರೂ ಕೇಳಿದರು. ಹೇಳಿದೆ. ನಮ್ಮದೇ ಪತ್ರಿಕೆಯಲ್ಲಿ ಹೆಸರಿಲ್ಲದ ಒಂದು ವಿಮರ್ಶೆ ಬಂತು. "ಈಕೆ ಹಾಡುತ್ತಿಲ್ಲ, ಆಕಳಿಸುತ್ತಿದ್ದಾಳೆ" ಎಂಬ ಒಂದು ಸಾಲು ಸಾಕಾಯಿತು. ನೀನು ಟೇಪಿನ ಪ್ರತಿ ಹಾಕಿ ಕೇಳಿ, "ಹೌದು ಕಣೇ, ಸರಿಯಾಗೇ ಬರ್ದಿದಾರೆ" ಎಂದು ಮೈಕು ಕೆಳಗಿಟ್ಟೆ. ಈಗ ವ್ಯಾನಿನಲ್ಲಿ ರೇಡಿಯೋ ಕೂಡ ಹಾಕುವುದಿಲ್ಲವಂತೆ, ನಿನ್ನ ಮಗಳು ಫೋನಿನಲ್ಲಿ ಹೇಳಿದಳು. ಆಕಳಿಸಿದ್ದು ಬೆಲ್ಟು ಕಣೇ, ನೀನಲ್ಲ!

ಮುಂದಿನ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಹಾಸಿಗೆ ಅಂಗಡಿಯ ಗೋದಾಮಿನಲ್ಲಿ ಎಲ್ಲರೂ ಸೇರುತ್ತಾರೆ. ಸುತ್ತಲೂ ಹಾಸಿಗೆ ಪೇರಿಸಿದ್ದಾರೆ, ಎಷ್ಟು ಕಿರುಚಿದರೂ ಬೀದಿಗೆ ಕೇಳುವುದಿಲ್ಲ. ನೀನು ಬಂದು ಹಾಡಬೇಕು. ಯಾವ ಶ್ರುತಿಗೆ ಎಂದು ಕೇಳಿದ್ದಕ್ಕೆ ಪಂಕ್ಚರಿನವನು, "ಅವರು ಎಲ್ಲಿ ಹಾಡ್ತಾರೋ ಅಲ್ಲಿಗೆ ತಂತಿ ಬಿಗಿ ಮಾಡ್ಕೋತೀವಿ. ಕಿತ್ತೋದ್ರೆ ಬೇರೆ ಹಾಕ್ಕೋತೀವಿ ಬಿಡಿ" ಎಂದ. "ಬರಲ್ಲ ಅಂದ್ಬಿಟ್ರೆ?" ಎಂದು ಬೇಸಿನವಳಿಗೆ ಭಯ. ಕೈಹಿಡಿದು ಎಳೆದು ತರುತ್ತೇನೆಂದು ಮಾತು ಕೊಟ್ಟಿದ್ದೇನೆ, ಮರ್ಯಾದೆ ಉಳಿಸು.

ಮಗಳಿಗೆ ನನ್ನ ಮುದ್ದು. ನಿನ್ನ ಬೆನ್ನು ನೆಟ್ಟಗಿರಲಿ, ಗಂಟಲು ಗಟ್ಟಿಯಿರಲಿ, ದಾರಿಯಲ್ಲಿ ಎಲ್ಲ ದೀಪವೂ ಹಸಿರಾಗಿ ಸಿಗಲಿ.

ನಿನ್ನ
ಪೆನ್ಸಿಲ್ಲು

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಆ ವಿಮರ್ಶೆ ಅಂಚೆಯಲ್ಲಿ ಬಂತು ಎಂದು ನಿನಗೆ ಹೇಳಿದ್ದೆ. ಬಂದಿರಲಿಲ್ಲ. ಬರೆದದ್ದು ನಾನು. ಗೆಳತಿಯೆಂದು ಹೊಗಳಿದಳು ಅನ್ನಬಾರದಲ್ಲ, ಅದಕ್ಕೇ ಬರೆದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಹೊಟ್ಟೆಕಿಚ್ಚೂ ಇತ್ತು. ಬೆಲ್ಟು ಸಡಿಲವಾಗಿದೆ ಎಂದು ನನಗೆ ಆಗ ಗೊತ್ತಿರಲಿಲ್ಲ, ಆಣೆಗೂ ಗೊತ್ತಿರಲಿಲ್ಲ. ಆದರೆ ನಮ್ಮ ಅಡುಗೆಮನೆಯಲ್ಲಿ ನಿಂತು, ನನ್ನ ತೋಳು ಹಿಡಿದು, "ಯಾರೇ ಬರೆದಿದ್ದು, ನಿಂಗೆ ಗೊತ್ತಾದ್ರೆ ಹೇಳೇ" ಎಂದು ನೀನು ಅಳುತ್ತಾ ಕೇಳಿದೆಯಲ್ಲ, ಆಗ ಗೊತ್ತಿತ್ತು.